ಗಾಡಿಯ ಹೊಟ್ಟೆಯಡಿ ನಾವೇ ನೋಡಬಹುದಾದದ್ದು

ಮನೆಯಲ್ಲಿ ಬೊಲೆರೊ, ಜೀಪು ಇರುವ ಕೃಷಿಕರನ್ನು ಕೇಳಿ ನೋಡಿ. ಇಂಜಿನ್ ಆಯಿಲ್ ಬದಲಿಸಿದ್ದು ಯಾವಾಗ ಅಂದರೆ ತಿಂಗಳು ಸಮೇತ ಹೇಳುತ್ತಾರೆ. ಹಿಂದಿನ ಹೌಸಿಂಗಿನ ಆಯಿಲ್ ಕೊನೆಗೆ ನೋಡಿದ್ದು ಯಾವಾಗ ಅಂತ ಕೇಳಿದರೆ ಮಾತು ನಿಲ್ಲುತ್ತದೆ. "ಅದಕ್ಕೂ ಆಯಿಲ್ ಉಂಟಾ ಬಾವ?" ಎಂದು ನನ್ನಲ್ಲೇ ಕೇಳಿದವರಿದ್ದಾರೆ.

ಉಂಟು. ಹಿಂದಿನ ಎರಡು ಚಕ್ರಗಳ ನಡುವೆ ಮಡಕೆಯ ಹಾಗೆ ಉಬ್ಬಿಕೊಂಡಿರುವ ಭಾಗವೇ ಹೌಸಿಂಗ್. ಅದರೊಳಗೆ ಕ್ರೌನ್ ಮತ್ತು ಪಿನಿಯನ್ ಎಂಬ ಎರಡು ಹಲ್ಲಿನ ಚಕ್ರಗಳು ಆಯಿಲಿನಲ್ಲಿ ಮುಳುಗಿ ತಿರುಗುತ್ತವೆ. ಆ ಆಯಿಲ್ ಕಡಿಮೆಯಾದರೆ ಅಥವಾ ಅದಕ್ಕೆ ನೀರು ಸೇರಿದರೆ ಗಾಡಿ ಅದೇ ದಿನ ನಿಲ್ಲುವುದಿಲ್ಲ. ತಿಂಗಳುಗಟ್ಟಲೆ ಓಡುತ್ತದೆ. ಮೊದಲು ಸಣ್ಣಗೆ ಗುಂಯ್‌ಗುಡುತ್ತದೆ. ಆಮೇಲೆ ಒಂದು ದಿನ ಏರಿನಲ್ಲಿ ಕಟಕಟ ಅನ್ನುತ್ತದೆ. ನೆರೆಯ ಬಾವನೊಬ್ಬರ ಗಾಡಿಗೆ ಹೀಗೇ ಆಯಿತು. ಬಿಲ್ಲು ಅಡಿಕೆಯ ಲೆಕ್ಕದಲ್ಲಿ ಹೇಳುವುದಾದರೆ ಅರ್ಧ ಕ್ವಿಂಟಾಲ್ ಚಾಲಿ. ಹಾಳಾದ ಮೂಲ ಯಾವುದೆಂದರೆ, ಮಣ್ಣು ಕಟ್ಟಿಕೊಂಡ ಹೆಬ್ಬೆರಳು ಗಾತ್ರದ ಒಂದು ಗಾಳಿಯ ಬಿರಡೆ.

ನಾನು ಮೆಕ್ಯಾನಿಕ್ ಅಲ್ಲ. ಮೂರು ಎಕರೆ ಅಡಿಕೆ, ನಡುವೆ ಕಾಳುಮೆಣಸು. 2011ರಲ್ಲಿ ತೆಗೆದ ಬೊಲೆರೊ ಇದೆ. ಡಾಂಬರು ರಸ್ತೆಗೆ ಮುಟ್ಟಲು ಎರಡು ಕಿಲೋಮೀಟರ್ ಮಣ್ಣಿನ ದಾರಿ, ಒಂದು ತೋಡು, ಒಂದು ಕಡಿದಾದ ಏರು. ಆಟಿ ತಿಂಗಳಲ್ಲಿ ಬಾಡಿಗೆ ಗಾಡಿಯವರು ಈ ದಾರಿಗೆ ಬರುವುದಿಲ್ಲ. ಮನೆಯಲ್ಲಿ ವಯಸ್ಸಾದ ಅಮ್ಮ ಇದ್ದಾರೆ. ರಾತ್ರಿ ಆಸ್ಪತ್ರೆಗೆ ಹೊರಡಬೇಕಾದರೆ ಈ ಗಾಡಿ ಒಂದೇ ಗತಿ. ಹಾಗಾಗಿ ಪಂಪ್‌ಶೆಡ್ಡಿನ ಮೋಟಾರಿಗೆ ಕಿವಿಕೊಡುವಂತೆ ಗಾಡಿಯ ಅಡಿಗೂ ಕಿವಿಕೊಡುವ ಅಭ್ಯಾಸ ಮಾಡಿಕೊಂಡೆ. ಪೇಟೆಯ ಹಳೆ ಮೇಸ್ತ್ರಿಯೊಬ್ಬರ ಹತ್ತಿರ ಕೂತು ನೋಡಿ ಕಲಿತದ್ದು, ಕೈಯಾರೆ ಮಾಡಿ ತಿಳಿದದ್ದು, ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಬಲ ಹೋಗುವ ದಾರಿ

ಇಂಜಿನ್ನಿನಿಂದ ಚಕ್ರದ ವರೆಗೆ ಬಲ ಹೋಗುವ ದಾರಿ ಹೀಗೆ: ಕ್ಲಚ್, ಗೇರ್ ಬಾಕ್ಸ್, ಅಲ್ಲಿಂದ ಹಿಂದಕ್ಕೆ ಉದ್ದದ ಪ್ರೊಪೆಲ್ಲರ್ ಶಾಫ್ಟ್, ಅದರ ಎರಡು ತುದಿಗೆ ಯು.ಜೆ. ಕ್ರಾಸ್, ಆಮೇಲೆ ಹೌಸಿಂಗ್, ಅದರಿಂದ ಎರಡು ಬದಿಗೆ ಆಕ್ಸಲ್, ಕೊನೆಗೆ ಚಕ್ರ. ಬೊಲೆರೊದಂಥ ಹಿಂದಿನ ಚಕ್ರ ಎಳೆಯುವ ಗಾಡಿಗಳ ಕ್ರಮ ಇದು. ಈಗ ಹೆಚ್ಚು ಕಾಣುವ ಬ್ರೆಝಾ, ಕ್ರೆಟಾದಂಥ ಗಾಡಿಗಳಲ್ಲಿ ಮುಂದಿನ ಚಕ್ರವೇ ಎಳೆಯುವುದು. ಅವಕ್ಕೆ ಉದ್ದದ ಶಾಫ್ಟ್ ಇಲ್ಲ, ಹಿಂದೆ ಹೌಸಿಂಗೂ ಇಲ್ಲ. ಅವುಗಳ ಸಂಗತಿ ಮುಂದೆ ಹೇಳುತ್ತೇನೆ.

ಒಂದು ಸಣ್ಣ ಲೆಕ್ಕ ಹಾಕಿ. ಒಂದನೇ ಗೇರಿನಲ್ಲಿ ಇಂಜಿನ್ ಸುಮಾರು ನಾಲ್ಕು ಸುತ್ತು ತಿರುಗಿದರೆ ಶಾಫ್ಟ್ ಒಂದು ಸುತ್ತು. ಶಾಫ್ಟ್ ಸುಮಾರು ನಾಲ್ಕು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಅಂದರೆ 16ಕ್ಕೆ 1. ಸುತ್ತು ಎಷ್ಟು ಕಡಿಮೆಯಾಯಿತೋ ತಿರುಚುವ ಬಲ ಹೆಚ್ಚುಕಡಿಮೆ ಅಷ್ಟೇ ಪಟ್ಟು ಏರುತ್ತದೆ. ಹತ್ತು ಚೀಲ ಗೊಬ್ಬರ ಹೇರಿಕೊಂಡು ಏರಿನಲ್ಲಿ ನಿಂತು ಮತ್ತೆ ಹೊರಡುವಾಗ ಪೆಟ್ಟು ಬೀಳುವುದು ಇಂಜಿನ್ನಿಗಿಂತ ಹೆಚ್ಚಾಗಿ ಈ ಹಿಂದಿನ ಸಾಮಾನುಗಳಿಗೆ. ಹೆದ್ದಾರಿಯಲ್ಲಿ ಲಕ್ಷ ಕಿಲೋಮೀಟರ್ ಓಡಿದ ಗಾಡಿಗಿಂತ ನಮ್ಮ ಗುಡ್ಡೆ ದಾರಿಯಲ್ಲಿ ಅದರ ಕಾಲುಭಾಗ ಓಡಿದ್ದು ಹೆಚ್ಚು ಸವೆದಿರುವುದು ಇದಕ್ಕೇ.

ಮೊದಲು ಕಿವಿ

ಬಿಚ್ಚುವುದಕ್ಕಿಂತ ಮೊದಲು ಕೇಳಿಸಿಕೊಳ್ಳಬೇಕು. ರೇಡಿಯೋ ಬಂದ್ ಮಾಡಿ, ಗಾಜು ಇಳಿಸಿ, ಕಾಂಪೌಂಡು ಗೋಡೆಯೋ ಬರೆಯೋ ಪಕ್ಕದಲ್ಲಿರುವ ದಾರಿಯಲ್ಲಿ ನಿಧಾನ ಹೋಗಿ. ಶಬ್ದ ಗೋಡೆಗೆ ಬಡಿದು ನಮ್ಮ ಕಿವಿಗೇ ಬರುತ್ತದೆ. ಎಡಕ್ಕೆ ಗೋಡೆ ಇರುವಾಗೊಮ್ಮೆ, ಬಲಕ್ಕೆ ಇರುವಾಗೊಮ್ಮೆ ಕೇಳಿ.

ಹೊರಡುವಾಗ, ಇಲ್ಲವೇ ಮುಂದಿನ ಗೇರಿನಿಂದ ರಿವರ್ಸಿಗೆ ಹಾಕಿ ಕ್ಲಚ್ ಬಿಡುವಾಗ 'ಟಕ್' ಅಂದರೆ ಎಲ್ಲೋ ಸಡಿಲ ಇದೆ ಎಂದರ್ಥ. ಹೆಚ್ಚಾಗಿ ಯು.ಜೆ. ಕ್ರಾಸ್. ನಿಧಾನ ಹೋಗುವಾಗ ಹಕ್ಕಿಮರಿ ಕೂಗಿದ ಹಾಗೆ 'ಕೀಂಚ್ ಕೀಂಚ್' ಕೇಳಿ, ವೇಗ ಏರಿದ ಹಾಗೆ ಅದರ ತಾಳವೂ ಏರಿದರೆ ಕ್ರಾಸಿನೊಳಗಿನ ಸೂಜಿ ಬೇರಿಂಗುಗಳು ಗ್ರೀಸಿಲ್ಲದೆ ಒಣಗಿವೆ. ಇದು ಕೊಟ್ಟ ಮುನ್ಸೂಚನೆ. ಈ ಹಂತದಲ್ಲಿ ಕ್ರಾಸ್ ಬದಲಿಸಿದರೆ ಖರ್ಚು ಸಣ್ಣದು. ಬಿಟ್ಟರೆ ಓಡುವಾಗ ಶಾಫ್ಟೇ ಕಳಚಿ ನೆಲಕ್ಕೆ ಬಡಿಯಬಹುದು. ಮುಂದಿನ ತುದಿ ಕಳಚಿ ನೆಲಕ್ಕೆ ಊರಿಕೊಂಡರೆ ಗಾಡಿಯನ್ನೇ ಎತ್ತಿ ಹಾಕುವಷ್ಟು ಬಲ ಅದಕ್ಕಿದೆ.

ಆಕ್ಸಿಲರೇಟರ್ ಒತ್ತಿದಾಗ ಹಿಂದಿನಿಂದ ಗುಂಯ್ ಎಂದು ಬಂದು, ಕಾಲು ತೆಗೆದಾಗ ಸ್ವರ ಬದಲಾದರೆ ಸಂಶಯ ಕ್ರೌನ್-ಪಿನಿಯನ್ ಮೇಲೆ. ನೇರ ಹೋಗುವಾಗ ಏನೂ ಇಲ್ಲ, ತಿರುವಿನಲ್ಲಿ ಮಾತ್ರ ಹೌಸಿಂಗಿನಿಂದ ಕರಕರ ಅಂದರೆ ಅದರೊಳಗಿನ ಸಣ್ಣ ಹಲ್ಲುಚಕ್ರಗಳು. ಕಾಲು ಒತ್ತಿದರೂ ಬಿಟ್ಟರೂ ವ್ಯತ್ಯಾಸವಿಲ್ಲದೆ ವೇಗದ ಜೊತೆ ಏರುವ 'ಬೂಂ' ಎಂಬ ಶಬ್ದ ಚಕ್ರದ ಬೇರಿಂಗಿನದ್ದು, ಇಲ್ಲವೇ ಟಯರಿನದ್ದು. ಇವೆರಡನ್ನು ಬೇರ್ಪಡಿಸಲು ಒಂದು ಉಪಾಯ: ಖಾಲಿ ಅಗಲ ರಸ್ತೆಯಲ್ಲಿ ಸ್ಟಿಯರಿಂಗನ್ನು ಮೆಲ್ಲಗೆ ಎಡಕ್ಕೆ, ಬಲಕ್ಕೆ ತಿರುಗಿಸಿ. ಎಡಕ್ಕೆ ತಿರುಗಿಸಿದಾಗ ಭಾರ ಬಲಗಡೆಗೆ ಬೀಳುತ್ತದೆ. ಆಗ ಶಬ್ದ ಜೋರಾದರೆ ಬಲಗಡೆ ಬೇರಿಂಗ್. ಡಾಂಬರಿನ ಒರಟುತನ ಬದಲಾದಾಗ ಶಬ್ದ ಬದಲಾದರೆ ಅದು ಟಯರ್, ಬೇರಿಂಗಿಗೆ ಬೈಯಬೇಡಿ.

ನಡುಕಕ್ಕೂ ಲೆಕ್ಕ ಇದೆ. ಬೊಲೆರೊದ 15 ಇಂಚಿನ ರಿಮ್ಮಿನ ಟಯರಿನ ಸುತ್ತಳತೆ ಸುಮಾರು 2.2 ಮೀಟರ್. ಗಂಟೆಗೆ 60 ಕಿಲೋಮೀಟರ್ ಅಂದರೆ ನಿಮಿಷಕ್ಕೆ ಸಾವಿರ ಮೀಟರ್. ಆಗ ಚಕ್ರ ನಿಮಿಷಕ್ಕೆ ಸುಮಾರು 450 ಸುತ್ತು, ಶಾಫ್ಟ್ ಅದರ ನಾಲ್ಕು ಪಟ್ಟು, 1,800 ಸುತ್ತು. ನಮ್ಮ ಪಂಪಿನ ಮೋಟಾರಿನ ತಗಡಿನ ಮೇಲೆ 1,440 ಎಂದೋ 2,880 ಎಂದೋ ಬರೆದಿರುತ್ತದಲ್ಲ, ಆ ಜಾತಿಯ ವೇಗ. ಟಯರಿನ ದೋಷವಾದರೆ ಸೆಕೆಂಡಿಗೆ ಏಳೆಂಟು ಸಲ ಕುಲುಕಿದ ಹಾಗೆ, ಎಣಿಸಬಹುದೋ ಅನ್ನುವಷ್ಟು ನಿಧಾನ. ಶಾಫ್ಟಿನ ದೋಷವಾದರೆ ಸೆಕೆಂಡಿಗೆ 30, ಅಂದರೆ ಸೀಟಿನಡಿ ಜುಂ ಎಂದು ಮೋಟಾರು ಇಟ್ಟ ಹಾಗೆ. ಒಮ್ಮೆ ಈ ವ್ಯತ್ಯಾಸ ಮನಸ್ಸಿಗೆ ಹೊಕ್ಕರೆ, ಶಾಫ್ಟಿನ ನಡುಕಕ್ಕೆ ಟಯರ್ ಬದಲಿಸಿ ಹಣ ಕಳೆಯುವುದು ತಪ್ಪುತ್ತದೆ. ಪೇಟೆಯ ಗ್ಯಾರೇಜೊಂದರಲ್ಲಿ ನನಗೂ ಎರಡು ಟಯರ್ ಹಾಕಲು ಹೇಳಿದ್ದರು. ಶಾಫ್ಟಿಗೆ ಬಾಳೆನಾರಿನ ಗಂಟಿನ ಹಾಗೆ ಒಣಗಿದ ಕೆಸರು ಒಂದು ಬದಿಗೆ ಮೆತ್ತಿಕೊಂಡಿದ್ದದ್ದು ಅಷ್ಟೆ. ಕೆರೆದು ತೆಗೆದ ಮೇಲೆ ನಡುಕವಿಲ್ಲ.

ಕೆಳಗೆ ನುಗ್ಗುವ ಮೊದಲು

ಇದನ್ನು ಓದದೆ ಮುಂದೆ ಹೋಗಬೇಡಿ. ಜ್ಯಾಕಿನ ಮೇಲೆ ಮಾತ್ರ ನಿಂತ ಗಾಡಿಯ ಅಡಿಗೆ ಕೈ ಕೂಡ ಹಾಕಬಾರದು. ಜ್ಯಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ನಮ್ಮಲ್ಲಿ ಕೈಗೆ ಸಿಗುವ ಮುರಕಲ್ಲನ್ನು ಕೊಡುವ ರೂಢಿ ಇದೆ. ಮುರಕಲ್ಲು ಗೋಡೆಗೆ ಗಟ್ಟಿ. ಆದರೆ ಕಬ್ಬಿಣದ ಒಂದೇ ಚುಕ್ಕೆಯಲ್ಲಿ ಟನ್ನುಗಟ್ಟಲೆ ಭಾರ ಬಿದ್ದರೆ ಸದ್ದಿಲ್ಲದೆ ಸೀಳುತ್ತದೆ. ಟೊಳ್ಳು ಸಿಮೆಂಟ್ ಬ್ಲಾಕ್ ಇನ್ನೂ ಕೆಟ್ಟದು. ಜ್ಯಾಕ್ ಸ್ಟ್ಯಾಂಡ್ ಒಂದು ಜೊತೆ ಕೊಂಡುಕೊಳ್ಳಿ, ಇಡೀ ಜೀವಮಾನಕ್ಕೆ ಸಾಕು. ಅಂಗಳದ ಮಣ್ಣಿನಲ್ಲಾದರೆ ಜ್ಯಾಕಿನ ಅಡಿಗೂ ಸ್ಟ್ಯಾಂಡಿನ ಅಡಿಗೂ ದಪ್ಪ ಹಲಗೆ. ನೆಲದಲ್ಲಿರುವ ಚಕ್ರಗಳಿಗೆ ಎರಡೂ ಬದಿಯಿಂದ ಅಡೆ. ಕೀಲಿ ನಿಮ್ಮ ಕಿಸೆಯಲ್ಲಿ. ಹಿಂದಿನ ಚಕ್ರ ಎತ್ತಿದರೆ ಕೈಬ್ರೇಕಿನ ಹಿಡಿತ ಇಲ್ಲವಾಗುತ್ತದೆ ಎಂಬುದನ್ನೂ ಮರೆಯಬಾರದು.

ನಾನು ಮಾಡಿಕೊಂಡದ್ದು ಬೇರೆ. ಗಾಡಿ ನಿಲ್ಲಿಸುವ ಕೊಟ್ಟಿಗೆಯಲ್ಲಿ ಎರಡೂವರೆ ಅಡಿ ಅಗಲ, ಆರು ಅಡಿ ಉದ್ದ, ಮೂರು ಅಡಿ ಆಳದ ಗುಂಡಿ. ಬದಿಗೆ ಕಲ್ಲು ಕಟ್ಟಿಸಿದೆ. ಮೇಲೆ ಹಲಗೆ ಮುಚ್ಚಿರುತ್ತದೆ, ಇಲ್ಲದಿದ್ದರೆ ಕರು ಬೀಳುತ್ತದೆ. ಗಾಡಿಯನ್ನು ಎತ್ತುವ ಕೆಲಸವೇ ಇಲ್ಲ, ಸಮತಟ್ಟಾಗಿ ನಿಂತಿರುವುದರಿಂದ ಆಯಿಲಿನ ಮಟ್ಟವೂ ಸರಿ ಸಿಗುತ್ತದೆ. ಇಳಿಯುವ ಮೊದಲು ಟಾರ್ಚ್ ಹಾಕಿ ನೋಡುವುದು ಕಡ್ಡಾಯ. ಚಳಿಗಾಲದಲ್ಲಿ ಒಮ್ಮೆ ಕನ್ನಡಿ ಹಾವು ಹಾಯಾಗಿ ಮಲಗಿತ್ತು.

ಹೌಸಿಂಗ್ ಆಯಿಲ್

ಕ್ರೌನ್ ಮತ್ತು ಪಿನಿಯನ್ನಿನ ಹಲ್ಲುಗಳು ಒಂದರ ಮೇಲೊಂದು ಬರೇ ಉರುಳುವುದಲ್ಲ, ಜಾರಿಕೊಂಡೇ ಹೋಗುತ್ತವೆ. ಪಿನಿಯನನ್ನು ಕ್ರೌನಿನ ನಡುಮಟ್ಟಕ್ಕಿಂತ ತಗ್ಗಿಸಿ ಕೂರಿಸಿರುವುದರಿಂದ ಹೀಗೆ. ಆ ಒತ್ತಡದಲ್ಲಿ ಸಾಧಾರಣ ಎಣ್ಣೆಯ ಪದರ ಹಿಂಡಿ ಹೋಗುತ್ತದೆ. ಅದಕ್ಕೇ ಗಂಧಕ, ರಂಜಕ ಸೇರಿಸಿದ ಇ.ಪಿ. ಆಯಿಲ್ ಬೇಕು. ಮೂಗಿಗೆ ಬಡಿಯುವ ಆ ಗಂಧಕದ ವಾಸನೆ ಒಮ್ಮೆ ಪರಿಚಯವಾದರೆ ಲೀಕ್ ಹುಡುಕಲೂ ಉಪಕಾರ. ಉಳಿದ ಇಂಜಿನ್ ಆಯಿಲನ್ನು ಹೌಸಿಂಗಿಗೆ ಹೊಯ್ಯುವ ಮಿತವ್ಯಯ ಯಾರೂ ಮಾಡಬೇಡಿ.

ಕ್ಯಾನಿನ ಮೇಲೆ ಜಿ.ಎಲ್.-4, ಜಿ.ಎಲ್.-5 ಎಂದು ಬರೆದಿರುತ್ತದೆ. ಹೌಸಿಂಗಿಗೆ ಸಾಮಾನ್ಯವಾಗಿ ಜಿ.ಎಲ್.-5. ಗೇರ್ ಬಾಕ್ಸಿಗೆ ಹೆಚ್ಚಿನ ಗಾಡಿಗಳಲ್ಲಿ ಜಿ.ಎಲ್.-4. ಒಳ್ಳೆಯದು ಎರಡಕ್ಕೂ ಒಳ್ಳೆಯದೇ ಅಂತ ಜಿ.ಎಲ್.-5ನ್ನು ಎಲ್ಲ ಗೇರ್ ಬಾಕ್ಸಿಗೂ ಹಾಕುವಂತಿಲ್ಲ. ಗೇರ್ ಬಾಕ್ಸಿನೊಳಗೆ ಹಿತ್ತಾಳೆಯ ಬಳೆಗಳಿರುತ್ತವೆ, ಅವಕ್ಕೆ ಕೆಲವು ಜಿ.ಎಲ್.-5 ಆಯಿಲಿನ ರಾಸಾಯನಿಕ ಆಗಿಬರುವುದಿಲ್ಲ. ಮಂದ ಎಷ್ಟು, 90 ಬೇಕೋ 80 ಡಬ್ಲ್ಯು 90 ಬೇಕೋ, ಎಷ್ಟು ಲೀಟರ್, ಎಷ್ಟು ಕಿಲೋಮೀಟರಿಗೆ ಎಂಬುದಕ್ಕೆ ಗಾಡಿಯ ಜೊತೆ ಕೊಟ್ಟ ಪುಸ್ತಕವೇ ಪ್ರಮಾಣ. ಅಂಗಡಿಯವರ ಬಾಯಿಮಾತಲ್ಲ.

ಈಗ ಕೆಲಸಕ್ಕೆ. ನಾಲ್ಕೈದು ಕಿಲೋಮೀಟರ್ ಓಡಿಸಿ ಬಂದು ಸಮತಟ್ಟಿನಲ್ಲಿ ನಿಲ್ಲಿಸಿ. ಬಿಸಿ ಆಯಿಲ್ ಬೇಗ ಇಳಿಯುತ್ತದೆ. ಹೌಸಿಂಗಿಗೆ ಎರಡು ಬಿರಡೆ. ಮೇಲಿನದು, ಬದಿಯಲ್ಲಿರುವುದು, ತುಂಬಿಸುವುದಕ್ಕೆ. ಕೆಳಗಿನದು ಇಳಿಸುವುದಕ್ಕೆ. ಮೇಲಿನದ್ದನ್ನೇ ಮೊದಲು ಬಿಚ್ಚಿ. ಇದು ತಮಾಷೆಯಲ್ಲ. ಕೆಳಗಿನದ್ದು ತೆಗೆದು ಆಯಿಲ್ ಎಲ್ಲ ಇಳಿಸಿ, ಆಮೇಲೆ ಮೇಲಿನದ್ದು ತುಕ್ಕು ಹಿಡಿದು ಬರುವುದೇ ಇಲ್ಲ ಅಂದರೆ ಗಾಡಿ ಅಲ್ಲೇ ಬಾಕಿ. ಮೆಕ್ಯಾನಿಕ್ಕನ್ನು ಮನೆಗೆ ಕರೆಸಬೇಕಾಗುತ್ತದೆ. ಬಿರಡೆಯ ಸುತ್ತಲಿನ ಮಣ್ಣನ್ನು ತಂತಿ ಬ್ರಶ್ಶಿನಲ್ಲಿ ತಿಕ್ಕಿ ತೆಗೆಯದೆ ಸ್ಪ್ಯಾನರ್ ಇಡಬೇಡಿ.

ಇಳಿದ ಆಯಿಲನ್ನು ಹಳೆ ಬೇಸಿನಿನಲ್ಲಿ ಹಿಡಿದು ಬಿಸಿಲಿಗೆ ಇಟ್ಟು ನೋಡಿ. ಕಪ್ಪಾಗಿದ್ದರೆ ಹಳತಾಗಿದೆ, ಅಷ್ಟೆ. ಹಾಲು ಹಾಕಿದ ಕಾಫಿಯ ಬಣ್ಣ ಇದ್ದರೆ ನೀರು ಸೇರಿದೆ. ಕೆಲವು ಬಿರಡೆಗಳ ತುದಿಯಲ್ಲಿ ಅಯಸ್ಕಾಂತ ಇರುತ್ತದೆ, ಅದಕ್ಕೆ ಬೂದು ಬಣ್ಣದ ನಯವಾದ ಗಸಿ ಅಂಟಿಕೊಂಡಿರುವುದು ಸಹಜ. ಬೆರಳಿನಲ್ಲಿ ಉಜ್ಜಿದರೆ ಗಂಧದ ಹಾಗೆ ಇರಬೇಕು. ಚುಚ್ಚುವ ಚೂರು, ಹಲ್ಲಿನ ತುಂಡು ಸಿಕ್ಕಿದರೆ ಆಯಿಲ್ ಬದಲಿಸಿ ಮುಚ್ಚಿಟ್ಟು ಪ್ರಯೋಜನವಿಲ್ಲ, ಮೇಸ್ತ್ರಿಗೆ ತೋರಿಸಲೇಬೇಕು. ಆ ಚೂರನ್ನು ಕಾಗದದಲ್ಲಿ ಕಟ್ಟಿಕೊಂಡೇ ಹೋಗಿ. ನೋಡಿದ ಕೂಡಲೇ ಅವರಿಗೆ ಎಲ್ಲಿಯದ್ದೆಂದು ತಿಳಿಯುತ್ತದೆ.

ಕೆಳಗಿನ ಬಿರಡೆಯನ್ನು ವಾಶರ್ ಸಮೇತ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಸ್ಪ್ಯಾನರ್. ಸ್ಪ್ಯಾನರಿಗೆ ಪೈಪ್ ತುರುಕಿ ಬಿಗಿಯುವುದು ಬೇಡ. ಮೇಲಿನ ತೂತಿನಿಂದ ಹೊಸ ಆಯಿಲ್ ತುಂಬಿಸಲು ಜಾಗ ಇಕ್ಕಟ್ಟು. ಆರಡಿ ಹೋಸ್ ಪೈಪು ಮತ್ತು ಒಂದು ಆಲಿಕೆ ಇದ್ದರೆ ಮೇಲಿನಿಂದಲೇ ಇಳಿಸಬಹುದು. ತೂತಿನ ಅಂಚಿನ ಮಟ್ಟಕ್ಕೆ ಬಂದು ಹೊರಗೆ ತೊಟ್ಟಿಕ್ಕಲು ಸುರುವಾದರೆ ಸಾಕು. ಇದು ಹೆಚ್ಚಿನ ಗಾಡಿಗಳ ಕ್ರಮ.

ಗಾಳಿಯ ಬಿರಡೆ

ಮೊದಲು ಹೇಳಿದ ಅರ್ಧ ಕ್ವಿಂಟಾಲಿನ ಸಂಗತಿ ಇದೇ. ಹೌಸಿಂಗಿನ ನೆತ್ತಿಯಲ್ಲಿ ಸಣ್ಣ ಬ್ರೀದರ್ ಇರುತ್ತದೆ, ಕೆಲವು ಗಾಡಿಗಳಲ್ಲಿ ಅದಕ್ಕೆ ರಬ್ಬರ್ ನಳಿಗೆ ಜೋಡಿಸಿ ಮೇಲಕ್ಕೆ ಒಯ್ದಿರುತ್ತಾರೆ. ಓಡಿದ ಹಾಗೆ ಹೌಸಿಂಗ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಆಯಿಲ್ ಸೀಲನ್ನೇ ಒತ್ತಿ ಎಣ್ಣೆ ಹೊರಗೆ ಬರುತ್ತದೆ. ಬಿಸಿ ಹೌಸಿಂಗ್ ತೋಡಿನ ತಣ್ಣೀರಿಗೆ ಇಳಿದಾಗ ಉಲ್ಟಾ. ಒಳಗಿನ ಗಾಳಿ ಕುಗ್ಗಿ, ಹೊರಗಿನದ್ದನ್ನು ಎಳೆಯುತ್ತದೆ. ಬ್ರೀದರ್ ಕಟ್ಟಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಹೀರುತ್ತದೆ. ಬಾವನ ಗಾಡಿ ಒಂದು ಮಳೆಗಾಲ ಪೂರ್ತಿ ಹೀಗೆ ತೋಡಿನ ನೀರು ಕುಡಿದಿತ್ತು. ಸೀಲ್ ಲೀಕ್ ಎಂದು ಎರಡು ಸಲ ಸೀಲ್ ಹಾಕಿಸಿದ್ದರು, ಬ್ರೀದರ್ ಯಾರೂ ನೋಡಿರಲಿಲ್ಲ.

ನೋಡುವುದಕ್ಕೆ ಎರಡು ನಿಮಿಷ. ಸುತ್ತ ಒರೆಸಿ, ಮುಚ್ಚಳವನ್ನು ಬೆರಳಿನಲ್ಲಿ ತಿರುಗಿಸಿದರೆ ಅಲುಗಾಡಬೇಕು. ಬಿಚ್ಚಿ, ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ತೊಳೆದು ಊದಿದರೆ ಗಾಳಿ ಹೋಗಬೇಕು. ನಾನು ಪತ್ತನಾಜೆಯ ಹೊತ್ತಿಗೆ ಒಮ್ಮೆ, ದೀಪಾವಳಿ ಕಳೆದು ಒಮ್ಮೆ ಇದನ್ನು ಮಾಡುತ್ತೇನೆ. ತೋಡಿನಲ್ಲಿ ಹೌಸಿಂಗ್ ಮುಳುಗುವಷ್ಟು ನೀರು ದಾಟಿದ್ದರೆ ಎರಡು ದಿನ ಬಿಟ್ಟು, ಗಾಡಿ ರಾತ್ರಿಯಿಡೀ ನಿಂತ ಮೇಲೆ, ಬೆಳಗ್ಗೆ ಕೆಳಗಿನ ಬಿರಡೆಯನ್ನು ಸ್ವಲ್ಪ ಸಡಿಲಿಸಿ ಒಂದೆರಡು ಚಮಚ ಇಳಿಸಿ ನೋಡಿ. ನೀರು ಆಯಿಲಿಗಿಂತ ಭಾರ, ಇದ್ದರೆ ಅದೇ ಮೊದಲು ಬರುತ್ತದೆ.

ಬೋರ್ಡೋ ಸಿಂಪಡಿಸುವ ಪವರ್ ಸ್ಪ್ರೇಯರಿನಲ್ಲೇ ಗಾಡಿಯ ಅಡಿ ತೊಳೆಯುವವರಿಗೆ ಒಂದು ಮಾತು: ಬ್ರೀದರಿಗೆ, ಸೀಲುಗಳಿಗೆ, ಕ್ರಾಸಿಗೆ ನೇರ ಹೊಡೆಯಬೇಡಿ. ಗನ್ನಿನಲ್ಲಿ ದ್ರಾವಣ ಉಳಿದಿದ್ದರೆ ಮೊದಲು ಬರೇ ನೀರು ಬಿಟ್ಟು ತೊಳೆಯಿರಿ. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ.

ಕ್ರಾಸಿಗೆ ಗ್ರೀಸು

ಇಂಜಿನ್ ಬಂದ್, ಚಕ್ರಕ್ಕೆ ಅಡೆ, ಗೇರ್ ನ್ಯೂಟ್ರಲ್. ಕ್ರಾಸಿನ ಒಂದು ಬದಿಯನ್ನು ಎಡಗೈಯಲ್ಲಿ, ಇನ್ನೊಂದನ್ನು ಬಲಗೈಯಲ್ಲಿ ಹಿಡಿದು ಬಟ್ಟೆ ಹಿಂಡಿದ ಹಾಗೆ ಎದುರು ಬದುರು ತಿರುಚಿ. ಎರಡೂ ಬದಿ ಒಟ್ಟಿಗೆ ಸ್ವಲ್ಪ ತಿರುಗಿದರೆ ಅದು ಹಲ್ಲುಗಳ ನಡುವಿನ ಸಡಿಲ, ಇರಬೇಕಾದದ್ದೇ. ಒಂದು ಬದಿ ಅಲುಗಿ ಇನ್ನೊಂದು ಸುಮ್ಮನಿದ್ದರೆ ಕ್ರಾಸ್ ಹೋಗಿದೆ. ಬೇರಿಂಗ್ ಬಟ್ಟಲುಗಳ ಸುತ್ತ ಕುಂಕುಮದಂಥ ತುಕ್ಕಿನ ಪುಡಿ ಕಂಡರೂ ಅದೇ ಅರ್ಥ.

ಗ್ರೀಸ್ ನಿಪ್ಪಲ್ ಇರುವ ಕ್ರಾಸಾದರೆ ಗ್ರೀಸ್ ಗನ್ನಿನಿಂದ ನಿಧಾನ ಒತ್ತಿ. ನಾಲ್ಕೂ ಬಟ್ಟಲಿನ ಅಂಚಿನಿಂದ ಹೊಸ ಗ್ರೀಸು ಇಣುಕಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬಾರದಿದ್ದರೆ ಆ ಒಂದು ಒಣಗಿಯೇ ತಿರುಗುತ್ತಿದೆ ಎಂದಾಯಿತು. ಶಾಫ್ಟನ್ನು ಅತ್ತಿತ್ತ ಅಲುಗಿಸಿ ಮತ್ತೆ ಒತ್ತಿ ನೋಡಿ. ಶಾಫ್ಟ್ ಉದ್ದ ಕುಗ್ಗಿ ಹಿಗ್ಗುವ ಜಾಗಕ್ಕೂ ಕೆಲವು ಗಾಡಿಗಳಲ್ಲಿ ನಿಪ್ಪಲ್ ಇರುತ್ತದೆ, ಕೆಸರಿನಡಿ ಮುಚ್ಚಿಹೋಗಿರುವುದರಿಂದ ಹುಡುಕಬೇಕು. ಈಚಿನ ಎಷ್ಟೋ ಗಾಡಿಗಳಲ್ಲಿ ನಿಪ್ಪಲ್ಲೇ ಇಲ್ಲದ ಮುಚ್ಚಿದ ಕ್ರಾಸ್ ಬರುತ್ತದೆ. ಅದಕ್ಕೆ ಮಾಡುವಂಥದ್ದೇನಿಲ್ಲ, ಸಡಿಲವಾದರೆ ಬದಲಿಸುವುದು.

ಶಾಫ್ಟ್ ಬಿಚ್ಚುವುದಾದರೆ ಎರಡೂ ತುದಿಯ ಫ್ಲೇಂಜುಗಳ ಮೇಲೆ ಬಣ್ಣದಲ್ಲಿ ಗೆರೆ ಎಳೆದು ಆಮೇಲೆ ಬಿಚ್ಚಿ. ಮೊದಲಿದ್ದ ಜಾಗದಲ್ಲೇ ಅದು ಕೂರಬೇಕು. ತಿರುಗಿಸಿ ಕೂರಿಸಿದರೆ ಇಲ್ಲದ ನಡುಕ ಹುಟ್ಟುತ್ತದೆ.

ಕ್ಲಚ್ಚಿನ ಪರೀಕ್ಷೆ

ಕ್ಲಚ್ ಬದಲಿಸುವುದು ಮನೆಯಲ್ಲಿ ಮಾಡುವ ಕೆಲಸವಲ್ಲ. ಗೇರ್ ಬಾಕ್ಸ್ ಇಳಿಸಬೇಕು, ಅದು ಎದೆಯ ಮೇಲೆ ಬಿದ್ದರೆ ಕತೆ ಮುಗಿಯಿತು. ಆದರೆ ನಿಜವಾಗಿ ಹೋಗಿದೆಯೋ ಇಲ್ಲವೋ ತಿಳಿದುಕೊಳ್ಳಬಹುದು. ಎದುರು ಯಾರೂ ಇಲ್ಲದ ಸಮತಟ್ಟು ಜಾಗದಲ್ಲಿ ಕೈಬ್ರೇಕ್ ಎಳೆದು, ಕಾಲಿನ ಬ್ರೇಕೂ ಒತ್ತಿ, ನಾಲ್ಕನೇ ಗೇರ್ ಹಾಕಿ ಕ್ಲಚ್ ಬಿಡಿ. ಇಂಜಿನ್ ತಕ್ಷಣ ನಿಂತರೆ ಕ್ಲಚ್ ಹಿಡಿಯುತ್ತಿದೆ. ನಿಲ್ಲದೆ ತಿರುಗುತ್ತಲೇ ಇದ್ದರೆ ಜಾರುತ್ತಿದೆ. ಒಂದೇ ಸಲ ಸಾಕು, ಮತ್ತೆ ಮತ್ತೆ ಮಾಡಿದರೆ ಪರೀಕ್ಷೆಯೇ ಕ್ಲಚ್ಚನ್ನು ಸುಡುತ್ತದೆ.

ಶಬ್ದದಿಂದಲೂ ತಿಳಿಯುತ್ತದೆ. ನ್ಯೂಟ್ರಲಿನಲ್ಲಿ ಇಂಜಿನ್ ಓಡುತ್ತಿರುವಾಗ ಪೆಡಲ್ ಒತ್ತಿದರೆ ಶಬ್ದ ಹುಟ್ಟುವುದಾದರೆ ರಿಲೀಸ್ ಬೇರಿಂಗ್. ಒತ್ತಿದಾಗ ಇದ್ದ ಶಬ್ದ ನಿಲ್ಲುವುದಾದರೆ ದೋಷ ಗೇರ್ ಬಾಕ್ಸಿನ ಒಳಗಿನ ಬೇರಿಂಗಿನಲ್ಲಿ. ರಿವರ್ಸ್ ಹಾಕುವಾಗ ಕರ್ ಎಂದು ಹಲ್ಲು ಕಡಿಯುವುದಾದರೆ ಮೊದಲು ಕ್ಲಚ್ಚಿನ ಫ್ಲೂಯಿಡ್ ನೋಡಿ. ಅದು ಕಡಿಮೆಯಾಗಿ ಗಾಳಿ ಸೇರಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ. ಏರಿನಲ್ಲಿ ಅರ್ಧ ಕ್ಲಚ್ಚಿನಲ್ಲಿ ಗಾಡಿಯನ್ನು ನಿಲ್ಲಿಸಿಕೊಂಡು ಪಕ್ಕದ ಮನೆಯವರ ಹತ್ತಿರ ಅಡಿಕೆ ರೇಟು ಮಾತಾಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಕೈಬ್ರೇಕ್ ಎಳೆದು ಮಾತಾಡಿದರೆ ಕ್ಲಚ್ ಪ್ಲೇಟ್ ಉಳಿಯುತ್ತದೆ.

ಹೊಸ ಗಾಡಿಯವರಿಗೆ

ಮುಂದಿನ ಚಕ್ರ ಎಳೆಯುವ ಗಾಡಿಗಳಲ್ಲಿ ನೋಡಬೇಕಾದ ಮುಖ್ಯ ವಸ್ತು ರಬ್ಬರ್ ಬೂಟ್. ಚಕ್ರದ ಒಳಬದಿಯಲ್ಲಿ, ಆಕ್ಸಲಿನ ತುದಿಗೆ ಮಡಿಕೆ ಮಡಿಕೆಯಾಗಿ ಹಾರ್ಮೋನಿಯಂನ ತಿದಿಯ ಹಾಗೆ ಇರುವುದು. ಸ್ಟಿಯರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ ನಿಲ್ಲಿಸಿದರೆ ಜ್ಯಾಕ್ ಇಲ್ಲದೆಯೇ ಕಾಣುತ್ತದೆ. ಮಡಿಕೆಗಳ ಬುಡದಲ್ಲಿ ಬಿರುಕು ಇದೆಯೇ, ರಿಮ್ಮಿನ ಒಳಬದಿಗೆ ಕಪ್ಪು ಗ್ರೀಸು ಸಿಡಿದಿದೆಯೇ ನೋಡಿ. ಬೂಟ್ ಹರಿದ ಹೊಸದರಲ್ಲೇ ಬದಲಿಸಿ ಹೊಸ ಗ್ರೀಸು ತುಂಬಿಸಿದರೆ ಜಾಯಿಂಟ್ ಉಳಿಯುತ್ತದೆ. ಕೆಸರು, ಮರಳು ಒಳಗೆ ಹೋಗಿ, ಪೂರ್ತಿ ತಿರುಗಿಸಿ ಹೋಗುವಾಗ 'ಟಿಕ್ ಟಿಕ್ ಟಿಕ್' ಕೇಳಿಸಲು ಸುರುವಾದ ಮೇಲೆ ಬೂಟ್ ಹಾಕಿ ಫಲವಿಲ್ಲ, ಜಾಯಿಂಟೇ ಬೇಕು. ಅಡಿಕೆ ಸಲಾಕೆ, ಬಿದಿರಿನ ಮೊನೆ ಇರುವ ತೋಟದ ದಾರಿಗೆ ಇಂಥ ಗಾಡಿ ಒಯ್ಯುವವರು ತಿಂಗಳಿಗೊಮ್ಮೆ ಬಗ್ಗಿ ನೋಡಿ.

ಥಾರ್, ಜಿಮ್ನಿಯಂಥ ಗಾಡಿಗಳಲ್ಲಿ ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಬಲ ಕೊಡುವ ವ್ಯವಸ್ಥೆ. ಇದನ್ನು ಒಣ ಡಾಂಬರಿನಲ್ಲಿ ಹಾಕಬಾರದು. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಓಡಬೇಕು. ಎರಡನ್ನೂ ಬಿಗಿದು ಕಟ್ಟಿದ ಮೇಲೆ ಟಯರ್ ಜಾರಬೇಕು, ಇಲ್ಲವೇ ಶಾಫ್ಟ್, ಹಲ್ಲುಗಳು ತಿರುಚಿಕೊಳ್ಳಬೇಕು. ಕೆಸರಿನಲ್ಲಿ ಟಯರ್ ಜಾರಿ ಸರಿಯಾಗುತ್ತದೆ. ಡಾಂಬರಿನಲ್ಲಿ ಜಾರುವುದಿಲ್ಲ. ಹಾಗಂತ ವರ್ಷಗಟ್ಟಲೆ ಹಾಕದೆ ಇಡುವುದೂ ಸರಿಯಲ್ಲ. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಸ್ವಲ್ಪ ದೂರ ಓಡಿಸಿದರೆ ಒಳಗೆಲ್ಲ ಎಣ್ಣೆ ಹರಡುತ್ತದೆ. ನಾಲ್ಕು ಚಕ್ರವೂ ಎಳೆಯುವ ಗಾಡಿಗೆ ನಾಲ್ಕು ಟಯರೂ ಒಂದೇ ಅಳತೆ, ಹೆಚ್ಚುಕಡಿಮೆ ಒಂದೇ ಸವೆತದ್ದು ಇರಬೇಕು. ಒಂದು ಹೊಸತು, ಮೂರು ಬೋಳು ಹಾಕಿ ಉಳಿಸಿದ ಹಣ ಹೌಸಿಂಗಿನಲ್ಲಿ ಹೋಗುತ್ತದೆ.

ಆಟೊಮ್ಯಾಟಿಕ್ ಗೇರಿನ ಗಾಡಿಯಾದರೆ ಗೇರ್ ಬಾಕ್ಸಿಗೆ ಕೈ ಹಾಕಲೇಬೇಡಿ. ಅದರ ಆಯಿಲೇ ಬೇರೆ, ಮಟ್ಟ ನೋಡುವ ಉಷ್ಣತೆಯೂ ನಿಗದಿಯಾಗಿರುತ್ತದೆ. ವಾರಂಟಿ ಮುಗಿಯದ ಗಾಡಿಯನ್ನು ನೋಡಿ, ಕೇಳಿ, ಬಿಚ್ಚಬೇಡಿ. ಶಬ್ದ ಯಾವ ವೇಗದಲ್ಲಿ, ಯಾವ ಗೇರಿನಲ್ಲಿ, ಏರಿನಲ್ಲೋ ಇಳಿತದಲ್ಲೋ ಎಂದು ಚೀಟಿಯಲ್ಲಿ ಬರೆದು ಸರ್ವಿಸಿನವರಿಗೆ ಕೊಡಿ. ಬರೇ "ಶಬ್ದ ಬರ್ತದೆ" ಅಂದರೆ ತೊಳೆದು ಒರೆಸಿ ವಾಪಸು ಕೊಡುತ್ತಾರೆ. ಚೀಟಿ ಕೊಟ್ಟ ಮೇಲೆ ನನ್ನ ತಂಗಿಯ ಮನೆಯ ಗಾಡಿಯ ಬೇರಿಂಗ್ ವಾರಂಟಿಯಲ್ಲೇ ಬದಲಾಯಿತು.

ಕ್ರೌನ್-ಪಿನಿಯನ್ ಕೂರಿಸುವುದು, ಹೌಸಿಂಗಿನ ಬೇರಿಂಗ್ ಬಿಗಿ ಮಾಡುವುದು, ಇವು ಅಳತೆಯ ಕೆಲಸ. ಕೂದಲೆಳೆ ಹೆಚ್ಚುಕಡಿಮೆಯಾದರೂ ಹೊಸ ಸಾಮಾನೇ ಕೂಗುತ್ತದೆ. ಅದಕ್ಕೆ ಪಳಗಿದ ಕೈಯೇ ಬೇಕು.

ಮನೆಯಲ್ಲಿ ಆಯಿಲ್ ಬದಲಿಸಿದ ಮೇಲೆ 50 ಕಿಲೋಮೀಟರ್ ಓಡಿಸಿ ಬಿರಡೆಗಳನ್ನು ಇನ್ನೊಮ್ಮೆ ಬೆರಳಿನಲ್ಲಿ ಮುಟ್ಟಿ ನೋಡಿ, ಒದ್ದೆಯಿದ್ದರೆ ವಾಶರ್ ಬದಲಿಸಿ. ರಾತ್ರಿ ಅಡಿಗೆ ಹಳೆ ರಟ್ಟು ಹಾಸಿಟ್ಟರೆ ಹನಿ ಬಿದ್ದ ಜಾಗ ಬೆಳಗ್ಗೆ ಕಾಣುತ್ತದೆ. ಇಳಿಸಿದ ಹಳೆ ಆಯಿಲನ್ನು ತೋಡಿನ ಬದಿಗೋ ತೆಂಗಿನ ಬುಡಕ್ಕೋ ಚೆಲ್ಲಬೇಡಿ, ಬಾವಿಗೆ ಇಳಿಯುವ ನೀರು ಅದೇ. ನಾನು ಹಳೆ ಕ್ಯಾನಿಗೆ ತುಂಬಿಸಿಟ್ಟು ಪೇಟೆಗೆ ಹೋಗುವಾಗ ಗ್ಯಾರೇಜಿಗೆ ಕೊಡುತ್ತೇನೆ. ಹಳೆ ಆಯಿಲ್ ಕೊಂಡುಹೋಗುವವರಿಗೆಂದು ಅಲ್ಲಿ ಬ್ಯಾರಲ್ ಇಟ್ಟಿರುತ್ತಾರೆ.